ಎಂಟಕ್ಷರದ ಮನೆಯಲ್ಲಿ ಉದ್ದ ಹೆಸರು

ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂದಾಗ ಕ್ಷಣಕಾಲ ಯೋಚಿಸುವವರಿಗೂ ತೀ. ನಂ. ಶ್ರೀ. ಎಂದೊಡನೆ ಆ ವಿದ್ವಾಂಸರ ನೆನಪಾಗುತ್ತದೆ. ಹೆಸರನ್ನು ಮೊಟಕುಗೊಳಿಸುವುದು ನಮಗೆ ಹೊಸದಲ್ಲ. ಮೂರಕ್ಷರಗಳನ್ನು ಕಂಡು ಪೂರ್ಣನಾಮವನ್ನು ಗ್ರಹಿಸುವ ಬುದ್ಧಿ, ಸಂದರ್ಭಜ್ಞಾನ ಎರಡೂ ಓದುಗನಿಗೆ ಉಂಟು. ಇವೆರಡೂ ಇಲ್ಲದ ಯಂತ್ರವೇ ಹೆಸರುಗಳನ್ನು ಕತ್ತರಿಸಬೇಕಾಗಿ ಬಂದರೆ? ಗಣಕಯಂತ್ರದ ಚರಿತ್ರೆಯಲ್ಲಿ ಈ ಪ್ರಶ್ನೆ ನಿಜವಾಗಿಯೂ ಎದುರಾಯಿತು. ಅದೂ ಉದ್ದ ಹೆಸರುಗಳಿಗೆ ಹೆಸರಾದ ಒಂದು ಭಾಷೆಗೆ.

ಆ ಭಾಷೆ ‘ಏಡಾ’. ಅಮೆರಿಕದ ರಕ್ಷಣಾ ಇಲಾಖೆಗಾಗಿ ರೂಪುಗೊಂಡು, ೧೯೮೩ರಲ್ಲಿ ಪ್ರಮಾಣಭೂತವೆನಿಸಿದ ಈ ಪ್ರೋಗ್ರಾಂ ಭಾಷೆಗೆ ಕವಿ ಬೈರನ್ನನ ಮಗಳಾದ ಏಡಾ ಲವ್‌ಲೇಸಳ ಹೆಸರನ್ನಿಟ್ಟರು; ಆಕೆ ಹುಟ್ಟಿದ ೧೮೧೫ನೆಯ ವರ್ಷವನ್ನೇ ಅದರ ಪ್ರಮಾಣಗ್ರಂಥದ ಸಂಖ್ಯೆಯನ್ನಾಗಿ ಮಾಡಿದರು. ಬರೆಯುವವನ ಅನುಕೂಲಕ್ಕಿಂತ ಮುಂದೆ ಅದನ್ನು ಓದುವವನ ಅನುಕೂಲವೇ ದೊಡ್ಡದೆಂಬುದು ಈ ಭಾಷೆಯ ತತ್ತ್ವ. ಬೋಯಿಂಗ್ ೭೭೭ ವಿಮಾನದ ಪ್ರೋಗ್ರಾಂಗಳಲ್ಲಿ ಬಹುಭಾಗ ಈ ಭಾಷೆಯಲ್ಲಿಯೇ ರಚಿತವಾದುವು. ಅಂಥ ಕಡೆ ಒಂದು ಹೆಸರನ್ನು ಇನ್ನೊಂದೆಂದು ತಿಳಿಯುವುದು ನಗುವ ಮಾತಲ್ಲ. ಆದುದರಿಂದ ಏಡಾದಲ್ಲಿ ಹೆಸರುಗಳು ಉದ್ದವಾಗಿ, ಬಿಡಿಸಿ ಹೇಳಿದಂತೆ ಇರುತ್ತವೆ.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಸಂಕೇತಗಳಿಗೆ ಪರಿವರ್ತಿಸುವ ಸಾಧನವೇ ಕಂಪೈಲರ್. ೧೯೯೦ರ ದಶಕದ ಆದಿಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡ್ಯೂವರ್, ಎಡ್ಮಂಡ್ ಶೋನ್‌ಬರ್ಗ್ ಮೊದಲಾದವರು ಏಡಾಕ್ಕಾಗಿ ‘ಗ್ನಾಟ್’ ಎಂಬ ಕಂಪೈಲರನ್ನು ರಚಿಸಿದರು. ಪ್ರೋಗ್ರಾಂ ‘ಏಡಾ ಟೆಕ್ಸ್ಟ್ ಐಓ’ ಎಂಬ ಭಾಗವನ್ನು ಬೇಡಿದರೆ, ಗ್ನಾಟ್ ಬೇರೆ ಯಾವ ಪಟ್ಟಿಯನ್ನೂ ನೋಡುವುದಿಲ್ಲ. ಆ ಹೆಸರಿನಿಂದಲೇ ಕಡತದ ಹೆಸರನ್ನು ಲೆಕ್ಕ ಹಾಕಿ, ನೇರವಾಗಿ ಆ ಕಡತವನ್ನು ತೆರೆಯುತ್ತದೆ. ಅಲ್ಲಿ ಹೆಸರು ಬರಿಯ ಗುರುತಲ್ಲ, ವಿಳಾಸವೇ ಆಗಿದೆ.

ತೊಡಕು ಹುಟ್ಟಿದ್ದು ಇಲ್ಲಿಯೇ. ಕಡತಗಳ ಹೆಸರು ಎಷ್ಟು ಉದ್ದವಿರಬಹುದೆಂದು ನಿರ್ಧರಿಸುವುದು ಕಂಪೈಲರಲ್ಲ, ಯಂತ್ರದ ಆಡಳಿತವನ್ನು ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಂ. ಯೂನಿಕ್ಸ್‌ನಲ್ಲಿ ಮೊದಲು ೧೪ ಅಕ್ಷರಗಳಿಗೆ ಮಾತ್ರ ಅವಕಾಶವಿತ್ತು. ೧೯೮೩ರಲ್ಲಿ ಬರ್ಕಲಿಯವರ ಪರಿಷ್ಕರಣ ಅದನ್ನು ೨೫೫ಕ್ಕೆ ಏರಿಸಿತು. ಆ ಕಾಲದ ವಿಎಂಎಸ್‌ನಲ್ಲಿ ೩೯. ಮನೆಮನೆಗೂ ಬಂದ ಡಾಸ್‌ನಲ್ಲಿ ಮಾತ್ರ ಹೆಸರಿಗೆ ಎಂಟು, ಚುಕ್ಕೆಯ ಬಳಿಕ ಮೂರು. ಗ್ಯಾರಿ ಕಿಲ್ಡಾಲರ ಸಿಪಿ/ಎಂ ವ್ಯವಸ್ಥೆಯಲ್ಲಿದ್ದ ಈ ಕಟ್ಟು ೧೯೮೧ರಲ್ಲಿ ಡಾಸ್‌ಗೂ ಬಂದಿತ್ತು. ಒಂದೇ ಕಂಪೈಲರ್ ಎಲ್ಲ ಕಡೆಯೂ ಬಾಳಬೇಕಾದರೆ ಎಲ್ಲಕ್ಕಿಂತ ಇಕ್ಕಟ್ಟಾದ ಮನೆಯ ಅಳತೆಯೇ ಎಲ್ಲರಿಗೂ ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾಯಿತು.

ಗ್ನಾಟ್ ಅನುಸರಿಸಿದ ಉಪಾಯ ಸರಳವಾದುದು. ‘ಅವರ್ ಸ್ಟ್ರಿಂಗ್ಸ್ ವೈಡ್ ಫಿಕ್ಸ್ಡ್’ ಎಂಬ ಹೆಸರನ್ನು ನೋಡಿರಿ. ಇಂಗ್ಲಿಷಿನಲ್ಲಿ ಇದಕ್ಕೆ ೧೯ ಅಕ್ಷರಗಳು. ನಾಲ್ಕು ಪದಗಳಲ್ಲಿ ಯಾವುದು ಎಲ್ಲಕ್ಕಿಂತ ಉದ್ದವೋ ಅದರ ಕೊನೆಯ ಅಕ್ಷರವನ್ನು ತೆಗೆಯುವುದು. ಮತ್ತೆ ಉದ್ದವಾದುದನ್ನು ಹುಡುಕಿ ಮತ್ತೊಂದನ್ನು ತೆಗೆಯುವುದು. ಎಂಟಕ್ಕೆ ಇಳಿಯುವವರೆಗೂ ಇದೇ ಕ್ರಮ. ಇದ್ದವನಿಂದಲೇ ಹೆಚ್ಚು ತೆಗೆದುಕೊಳ್ಳುವ ನ್ಯಾಯವಾದ ಕಂದಾಯವಿದು. ಕೊನೆಗೆ ಪ್ರತಿಯೊಂದು ಪದದ ಮೊದಲ ಎರಡೆರಡು ಅಕ್ಷರಗಳು ಮಾತ್ರ ಉಳಿಯುತ್ತವೆ.

ಆದರೆ ನ್ಯಾಯವಾದ ಕಂದಾಯವೂ ಹೊಸ ತಗಾದೆಯನ್ನು ತಂದೀತು. ಅದೇ ಹೆಸರಿನಲ್ಲಿ ‘ಫಿಕ್ಸ್ಡ್’ ಬದಲು ‘ಫೈನಲ್’ ಎಂದಿದ್ದರೆ? ಇಂಗ್ಲಿಷಿನಲ್ಲಿ ಎರಡು ಪದಗಳೂ ‘ಎಫ್, ಐ’ ಅಕ್ಷರಗಳಿಂದಲೇ ಮೊದಲಾಗುತ್ತವೆ. ಎರಡು ಬೇರೆ ಬೇರೆ ಭಾಗಗಳಿಗೆ ಒಂದೇ ವಿಳಾಸ. ಒಂದೇ ಕೋಶದಲ್ಲಿ ಒಂದಕ್ಕೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಇಲ್ಲ. ಉದ್ದ ಹೆಸರುಗಳು ಅಸಂಖ್ಯ, ಎಂಟಕ್ಷರದ ಹೆಸರುಗಳು ಮಿತ. ಹೀಗಿರುವಾಗ ಎಂಥ ಜಾಣತನದ ನಿಯಮವೂ ಈ ಘರ್ಷಣೆಯನ್ನು ಪೂರ್ಣವಾಗಿ ತಪ್ಪಿಸಲಾರದು. ಗ್ನಾಟ್‌ನ ಕೈಪಿಡಿ ಈ ಮಾತನ್ನು ಮರೆಮಾಚಿಲ್ಲ: ಹೆಸರುಗಳು ಡಿಕ್ಕಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಪ್ರೋಗ್ರಾಂ ಬರೆಯುವವನಿಗೇ ಬಿಟ್ಟಿದೆ. ಇಂಥ ಭಾಗ ಇಂಥ ಕಡತದಲ್ಲಿದೆ ಎಂದು ಸ್ಪಷ್ಟವಾಗಿ ಸೂಚಿಸಲು ಅವನಿಗೆ ಬೇರೊಂದು ದಾರಿಯನ್ನೂ ತೆರೆದಿಟ್ಟಿದೆ.

ಭಾಷೆಯೊಡನೆ ಬರುವ ಗ್ರಂಥಭಂಡಾರಕ್ಕೆ ಇನ್ನಷ್ಟು ಬಿಗಿಯಾದ ಉಪಾಯ ಹೂಡಿದರು. ‘ಏಡಾ’ ಎಂಬುದು ‘ಎ’ ಆಯಿತು, ಅದಕ್ಕೊಂದು ಅಡ್ಡಗೆರೆ, ಉಳಿದುದಕ್ಕೆ ಆರೇ ಅಕ್ಷರ. ‘ಏಡಾ ಟೆಕ್ಸ್ಟ್ ಐಓ’ ಹೀಗೆ ‘ಎ-ಟೆಕ್ಸ್ಟ್‌ಐಓ’ ಆಗಿ, ಸರಿಯಾಗಿ ಎಂಟರಲ್ಲಿ ಅಡಗಿತು.

೧೯೯೫ರಲ್ಲಿ ಬಂದ ವಿಂಡೋಸ್ ೯೫ ಉದ್ದ ಹೆಸರುಗಳಿಗೆ ಬಾಗಿಲು ತೆರೆಯಿತು. ಇಕ್ಕಟ್ಟು ಕಳೆಯಿತು, ಅದು ಕಲಿಸಿದ ಅಭ್ಯಾಸ ಕಳೆಯಲಿಲ್ಲ. ಹತ್ತು ವರ್ಷಗಳ ಮೇಲೆ, ಏಡಾ ೨೦೦೫ ಎಂಬ ಪರಿಷ್ಕರಣದೊಡನೆ ಬಂದ ‘ಏಡಾ ಕಂಟೇನರ್ಸ್ ಇಂಡೆಫಿನಿಟ್ ವೆಕ್ಟರ್ಸ್’ ಎಂಬ ಭಾಗವೂ ಗ್ನಾಟ್‌ನಲ್ಲಿ ‘ಎ-ಕೊಇನ್ವೆ’ ಎಂಬ ಕಡತವಾಯಿತು. ಅದನ್ನು ಮೊದಲ ಸಲ ಕಾಣುವವನು ಅರ್ಥವನ್ನು ಊಹಿಸುವುದುಂಟೆ? ಓದುವವನ ಪಕ್ಷ ವಹಿಸಿ ಹುಟ್ಟಿದ ಭಾಷೆಯ ಭಂಡಾರದಲ್ಲಿ ಓದುವವನೇ ಇಂದಿಗೂ ಈ ಒಗಟನ್ನು ಬಿಡಿಸಬೇಕಾಗಿದೆ.

ಆದರೂ ಭಂಡಾರವನ್ನು ಕಟ್ಟಿದವರು ಓದುಗನನ್ನು ಮರೆತಿಲ್ಲ. ಆ ಕಡತಗಳಲ್ಲಿ ಯಾವುದನ್ನು ತೆರೆದರೂ ಮೇಲ್ಭಾಗದಲ್ಲಿಯೇ ಒಂದು ಚೌಕಟ್ಟು. ಅದರೊಳಗೆ ಆ ಭಾಗದ ಪೂರ್ಣನಾಮವು ದೊಡ್ಡಕ್ಷರಗಳಲ್ಲಿ, ಒಂದೊಂದು ಅಕ್ಷರಕ್ಕೂ ನಡುವೆ ಜಾಗ ಬಿಟ್ಟು, ಧಾರಾಳವಾಗಿ ಬರೆಯಲ್ಪಟ್ಟಿದೆ.