ಕಾವೇರಿ ನದಿಯ ಮಹಶೀರ್ ಗಾಳಗಾರಿಕೆ

ಕಾವೇರಿ ನದಿಯ ಮಹಶೀರ್ ಗಾಳಗಾರಿಕೆ ಎಂಬುದು ಕರ್ನಾಟಕದ ಕಾವೇರಿ, ಕಬಿನಿ ಮತ್ತು ಅವುಗಳ ಉಪನದಿಗಳಲ್ಲಿ ಮಹಶೀರ್ ಜಾತಿಯ ದೊಡ್ಡ ಮೀನುಗಳನ್ನು ಕೋಲು, ದಾರ ಮತ್ತು ಗಾಳದಿಂದ ಹಿಡಿಯುವ ಕ್ರೀಡೆಯಾಗಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಹವ್ಯಾಸವಾಗಿ ಬೆಳೆದ ಇದು, 1970ರ ದಶಕದ ನಂತರ ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯಾಗಿ ರೂಪಾಂತರಗೊಂಡಿತು. ಸಮುದ್ರದ ಗಾಳಗಾರಿಕೆಗೆಂದು ತಯಾರಾದ ಗಟ್ಟಿಮುಟ್ಟಾದ ಕೋಲು ಮತ್ತು ರೀಲುಗಳು ಒಳನಾಡಿನ ಈ ನದಿಯಲ್ಲಿ ಬಳಕೆಗೆ ಬಂದದ್ದು ಇದರ ವಿಶೇಷ. ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳು ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಸರಿದ ಸಂಗತಿಯನ್ನು ತಿಳಿಸುವ ಮುಖ್ಯ ದಾಖಲೆಗಳಾಗಿವೆ.

ಮೀನು

ಮಹಶೀರ್ ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ್ದು. ಕಾವೇರಿ ತೀರದಲ್ಲಿ ಇದಕ್ಕೆ ಬಿಳಿಮೀನು ಎಂಬ ಹೆಸರೂ ಉಂಟು. ದೊಡ್ಡ ಹುರುಪೆಗಳು, ದಪ್ಪ ತುಟಿಗಳು ಮತ್ತು ಬಾಯಿಯ ಬಳಿಯ ಮೀಸೆಗಳು ಇದರ ಗುರುತುಗಳು. ಇದರ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿ ಮೂರು ಸಾಲುಗಳ ಬಲವಾದ ಹಲ್ಲುಗಳಿವೆ. ಏಡಿ, ಬಸವನಹುಳು ಮತ್ತು ಗಟ್ಟಿ ಬೀಜಗಳನ್ನು ಅದು ಗಂಟಲಿನಲ್ಲಿಯೇ ಜಜ್ಜಿ ನುಂಗುತ್ತದೆ. ತೆಳುವಾದ ಗಾಳಗಳು ಇದರ ಬಾಯಿಯಲ್ಲಿ ಚಪ್ಪಟೆಯಾಗುವುದಕ್ಕೆ ಅಥವಾ ಮುರಿಯುವುದಕ್ಕೆ ಇದೇ ಕಾರಣ.

ಕಾವೇರಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಮಹಶೀರ್‌ಗಳಿವೆ. ಮೊದಲನೆಯದು ಗೂನುಬೆನ್ನಿನ ಮಹಶೀರ್. ಇದು ಕಾವೇರಿ ಜಲಾನಯನ ಪ್ರದೇಶವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ತಲೆಯ ಹಿಂದಿನಿಂದ ಎದ್ದು ಕಾಣುವ ಬೆನ್ನಿನ ಉಬ್ಬು ಇದರ ಲಕ್ಷಣ. ಎರಡನೆಯದು ನೀಲಿರೆಕ್ಕೆಯ ಮಹಶೀರ್, ಅಂದರೆ ಟಾರ್ ಖುದ್ರೀ. ಇದನ್ನು 1839ರಲ್ಲಿ ಸೈಕ್ಸ್ ಎಂಬ ವಿದ್ವಾಂಸ ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ಆಧರಿಸಿ ವರ್ಣಿಸಿದನು.

ಇತಿಹಾಸ

ಭಾರತದ ಗಾಳಗಾರಿಕೆಯ ಕುರಿತ ಮೊದಲ ಪ್ರಮುಖ ಗ್ರಂಥ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇದರ ಕರ್ತೃ ಹೆನ್ರಿ ಸಲಿವನ್ ಥಾಮಸ್ ಮದರಾಸು ಆಡಳಿತ ಸೇವೆಯಲ್ಲಿದ್ದ ಅಧಿಕಾರಿ. ಮಹಶೀರ್ ಮೀನಿನ ಸ್ವಭಾವಕ್ಕೂ ಅದನ್ನು ಹಿಡಿಯುವ ಕ್ರಮಕ್ಕೂ ಈ ಗ್ರಂಥದಲ್ಲಿ ಪ್ರಧಾನ ಸ್ಥಾನವಿದೆ.

ಮೈಸೂರು ಸೀಮೆಯ ನದಿಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಭಾರೀ ಮೀನುಗಳಿಗಾಗಿ ಹೆಸರಾದವು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬವರು 119 ಪೌಂಡ್ ತೂಕದ ಮಹಶೀರನ್ನು ಹಿಡಿದರು. 1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮೀನನ್ನು ಹಿಡಿದರು. ಗಾಳದಿಂದ ಹಿಡಿದ ಮಹಶೀರ್‌ಗಳಲ್ಲಿ ಇದೇ ಅತಿ ದೊಡ್ಡದೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ವಾನ್ ಇಂಗೆನ್ ಕುಟುಂಬದವರು ಪ್ರಾಣಿಗಳ ಚರ್ಮವನ್ನು ಹದಗೊಳಿಸಿ ಸಜೀವವೆಂಬಂತೆ ನಿಲ್ಲಿಸುವ ಕಲೆಯಲ್ಲಿ ಪ್ರಸಿದ್ಧರಾಗಿದ್ದರು.

ಸ್ವಾತಂತ್ರ್ಯಾನಂತರ ಈ ಕ್ರೀಡೆ ಹಿಂದೆ ಸರಿಯಿತು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಒಂದು ಪುಟ್ಟ ತಂಡ ಕಾವೇರಿಗೆ ಬಂದು ದೊಡ್ಡ ಮೀನುಗಳನ್ನು ಹಿಡಿದ ಮೇಲೆ ಹೊರದೇಶಗಳ ಗಮನ ಮತ್ತೆ ಇತ್ತ ತಿರುಗಿತು. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಏರ್ಪಡಿಸಿತು. ಶಿವನಸಮುದ್ರದ ಕೆಳಗಿನ ಕಣಿವೆಯಲ್ಲಿರುವ ಭೀಮೇಶ್ವರಿ, ದೊಡ್ಡಮಕ್ಕಳಿ ಮತ್ತು ಗಾಳಿಬೋರೆಗಳಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳಗಾರಿಕೆಯ ಶಿಬಿರಗಳು ನಡೆದವು.

ಉಪಕರಣಗಳು

ಬಯಲುಸೀಮೆಯ ಕೆರೆಗಳಲ್ಲಿ ಗಾಳ ಹಾಕುವ ಕ್ರಮ ಸರಳವಾದದ್ದು. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂತಹ ಕೆರೆಯೂರುಗಳಲ್ಲಿ ಒಂದು ಬಿದಿರಿನ ಕೋಲು, ತಂಗೂಸಿ ದಾರ, ಬೆಂಡು, ಸಣ್ಣ ಗಾಳ ಮತ್ತು ಎರೆಹುಳು ಇದ್ದರೆ ಸಾಕು. ಅದೇ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಹೇಮಾವತಿಯಲ್ಲಾಗಲಿ, ಶ್ರೀರಂಗಪಟ್ಟಣದ ಬಳಿಯ ಕಾವೇರಿಯಲ್ಲಾಗಲಿ ದೊಡ್ಡ ಮಹಶೀರ್ ಕಚ್ಚಿದರೆ ಈ ಸಲಕರಣೆ ನಿಲ್ಲುವುದಿಲ್ಲ. ಕಚ್ಚಿದೊಡನೆ ಅದು ಹರಿವಿನ ಜೊತೆಗೆ ನೂರಾರು ಅಡಿ ಓಡುತ್ತದೆ, ಬಂಡೆಗಳ ಸಂದಿಗೆ ನುಗ್ಗುತ್ತದೆ. ಆದುದರಿಂದ ಇಲ್ಲಿನ ಸಲಕರಣೆಗೆ ಮೂರು ಗುಣಗಳು ಬೇಕು: ಉದ್ದವಾದ ದಾರದ ಸಂಗ್ರಹ, ಓಟವನ್ನು ಹಿಡಿತದಲ್ಲಿಡುವ ತಡೆ, ಹಾಗೂ ಬಂಡೆಯ ಉಜ್ಜುವಿಕೆಯನ್ನು ಸಹಿಸುವ ಗಟ್ಟಿತನ.

ಸಮುದ್ರದ ಗಾಳಗಾರರಿಗೆ ಬೇಕಾದ ಗುಣಗಳೂ ಇವೇ. ಹೀಗಾಗಿ ಸಮುದ್ರದ ಮೀನುಗಳಿಗಾಗಿ ಮಾಡಿದ ಬಲವಾದ ಕೋಲು ಮತ್ತು ಮಲ್ಟಿಪ್ಲೈಯರ್ ರೀಲು ಕಾವೇರಿಯಲ್ಲಿ ನೆಲೆಯಾದವು. ಈ ರೀಲಿನಲ್ಲಿ ಹಿಡಿಕೆಯ ಒಂದು ಸುತ್ತಿಗೆ ದಾರದ ಉರುಳೆ ಹಲವು ಸುತ್ತು ತಿರುಗುತ್ತದೆ. ಸುಮಾರು 14ರಿಂದ 18 ಕಿಲೋಗ್ರಾಂ ಎಳೆತವನ್ನು ತಡೆಯುವ ದಾರ ಸಾಮಾನ್ಯವಾಗಿ ಬಳಕೆಯಲ್ಲಿತ್ತು. ಗಾಳವು ಬಡಿದು ಹದಗೊಳಿಸಿದ ದಪ್ಪ ಉಕ್ಕಿನದಾಗಿರುತ್ತದೆ.

ದುಂಡು ಸೀಸವನ್ನು ಕಟ್ಟಿದರೆ ಅದು ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ತೆಳುವಾದ ಸೀಸದ ತಂತಿಯನ್ನು ದಾರಕ್ಕೆ ಸುರುಳಿಯಾಗಿ ಸುತ್ತುವ ರೂಢಿ ಬೆಳೆಯಿತು. ತಂತಿ ಬಂಡೆಯಲ್ಲಿ ಸಿಕ್ಕಿದರೂ ಎಳೆದಾಗ ಸುರುಳಿ ಬಿಚ್ಚಿಕೊಂಡು ಜಾರುತ್ತದೆ. ದಾರವೂ ಮೀನೂ ಉಳಿಯುತ್ತವೆ.

ಎರೆ ಮತ್ತು ವಿಧಾನಗಳು

ರಾಗಿ ಉಂಡೆ: ಕಾವೇರಿಯ ಗಾಳಗಾರಿಕೆಯ ವಿಶಿಷ್ಟ ಎರೆ ರಾಗಿ. ರಾಗಿ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದುತ್ತಾರೆ. ಕೆಲವರು ಮಸಾಲೆಯನ್ನೂ ಬೆರೆಸುವುದುಂಟು. ಹದ ಸರಿಯಾಗಿದ್ದರೆ ಉಂಡೆ ರಭಸದ ನೀರಿನಲ್ಲಿಯೂ ಕರಗದೆ ಗಾಳಕ್ಕೆ ಅಂಟಿಕೊಂಡಿರುತ್ತದೆ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಗಾಳದ ಸುತ್ತ ಒತ್ತಿ, ಮೊನೆಯನ್ನು ಮಾತ್ರ ಹೊರಗೆ ಬಿಡುತ್ತಾರೆ. ಮೊನೆ ಹಿಟ್ಟಿನಲ್ಲಿ ಹುದುಗಿದರೆ ಅದು ಮೀನಿನ ತುಟಿಗೆ ನಾಟುವುದಿಲ್ಲ.

ಜೀವಂತ ಎರೆ: ಏಡಿ ಮತ್ತು ಕಿರುಮೀನುಗಳನ್ನೂ ಎರೆಯಾಗಿ ಬಳಸುವ ಕ್ರಮವಿತ್ತು.

ಲೋಹದ ಚಮಚ: ಹಿತ್ತಾಳೆ ಅಥವಾ ತಾಮ್ರದ ಹೊಳೆಯುವ ತಗಡನ್ನು ಚಮಚದ ಆಕಾರದಲ್ಲಿ ಬಾಗಿಸಿ ಗಾಳ ಜೋಡಿಸುತ್ತಾರೆ. ನೀರಿನಲ್ಲಿ ಎಳೆದಾಗ ಅದು ಓಲಾಡುತ್ತ ಕಿರುಮೀನಿನಂತೆ ಮಿನುಗುತ್ತದೆ.

ಫ್ಲೈ ಗಾಳ: ಗರಿ, ಕೂದಲು ಮತ್ತು ನೂಲನ್ನು ಗಾಳಕ್ಕೆ ಕಟ್ಟಿ ಹುಳು ಅಥವಾ ಕಿರುಮೀನಿನ ರೂಪ ಕೊಟ್ಟ ಕೃತಕ ಎರೆಗೆ ಫ್ಲೈ ಎಂದು ಹೆಸರು. ಉಳಿದ ವಿಧಾನಗಳಲ್ಲಿ ಎರೆಯ ಅಥವಾ ಸೀಸದ ಭಾರ ದಾರವನ್ನು ದೂರಕ್ಕೆ ಒಯ್ಯುತ್ತದೆ. ಫ್ಲೈಗೆ ಭಾರವೇ ಇಲ್ಲ. ಇಲ್ಲಿ ದಪ್ಪನೆಯ ದಾರದ ಭಾರವೇ ಫ್ಲೈಯನ್ನು ಒಯ್ಯುತ್ತದೆ. ಆದುದರಿಂದ ಕೋಲುಗಳನ್ನು ದಾರದ ತೂಕಕ್ಕೆ ಅನುಗುಣವಾಗಿ ಸಂಖ್ಯೆಗಳಿಂದ ಗುರುತಿಸುತ್ತಾರೆ. ತೊರೆಯ ಸಣ್ಣ ಮೀನುಗಳಿಗೆ 4 ಅಥವಾ 5ನೇ ಸಂಖ್ಯೆಯ ಕೋಲು ಸಾಕು. ಮಹಶೀರ್‌ಗೂ ಸಮುದ್ರ ತೀರದ ಮೀನುಗಳಿಗೂ ಸಾಮಾನ್ಯವಾಗಿ 8ರಿಂದ 10ನೇ ಸಂಖ್ಯೆಯ, ಸುಮಾರು 9 ಅಡಿ ಉದ್ದದ ಕೋಲು ಬೇಕು. ಫ್ಲೈ ದಾರ ಸುಮಾರು 30 ಮೀಟರ್ ಮಾತ್ರ ಇರುವುದರಿಂದ ಅದರ ಹಿಂದೆ ನೂರೈವತ್ತು ಮೀಟರಿಗೂ ಹೆಚ್ಚು ಉದ್ದದ ತೆಳುವಾದ ಗಟ್ಟಿ ದಾರವನ್ನು ರೀಲಿಗೆ ಸುತ್ತಿರಬೇಕು.

ಸಮುದ್ರದ ಫ್ಲೈ ಗಾಳಗಾರಿಕೆಯ ಒಂದು ಮುಖ್ಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ಮೀನು ಕಚ್ಚಿದಾಗ ಕೋಲನ್ನು ಮೇಲೆತ್ತಬಾರದು; ಕೋಲಿನ ತುದಿಯನ್ನು ನೀರಿನತ್ತಲೇ ಇಟ್ಟು ದಾರವನ್ನು ಕೈಯಿಂದ ಹಿಂದಕ್ಕೆ ಜಗ್ಗಬೇಕು. ಕೋಲೆತ್ತಿದರೆ ಅದರ ಬಾಗುವಿಕೆಯಲ್ಲಿ ಬಲ ಸೋರಿಹೋಗಿ ದಪ್ಪ ತುಟಿಗೆ ಗಾಳ ನಾಟುವುದಿಲ್ಲ. ಸಮುದ್ರದಲ್ಲಿ ಬಳಸಿದ ರೀಲನ್ನು ಉಪ್ಪು ತಿನ್ನದಂತೆ ಪ್ರತಿದಿನವೂ ಸಿಹಿನೀರಿನಲ್ಲಿ ತೊಳೆಯಬೇಕು. ನದಿಯಲ್ಲಿ ಈ ತೊಂದರೆಯಿಲ್ಲ.

ಹರಿಗೋಲು ಮತ್ತು ಕಾಲ

ಬಿದಿರಿನ ಹೆಣಿಗೆಯ ದುಂಡನೆಯ ಹರಿಗೋಲು ಈ ಕ್ರೀಡೆಯ ವಾಹನ. ಹಿಂದೆ ಇದಕ್ಕೆ ಚರ್ಮದ ಹೊದಿಕೆ ಇರುತ್ತಿತ್ತು. ಈಚೆಗೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಅದರ ಸ್ಥಾನವನ್ನು ಪಡೆದಿವೆ. ಮೀನು ಹರಿವಿನೊಡನೆ ಓಡಿದಾಗ ಗಾಳಗಾರನನ್ನು ಕೂರಿಸಿಕೊಂಡು ಅದನ್ನು ಹಿಂಬಾಲಿಸುವುದೂ, ಬಂಡೆಗೆ ಸಿಲುಕಿದ ದಾರವನ್ನು ಬಿಡಿಸುವುದೂ ಹರಿಗೋಲಿನವನ ಕೆಲಸ. ಮಡು, ಸುಳಿ ಮತ್ತು ಬಂಡೆಗಳನ್ನು ಬಲ್ಲ ಸ್ಥಳೀಯರೇ ಮಾರ್ಗದರ್ಶಕರಾಗಿರುತ್ತಿದ್ದರು. ಮೊದಲು ಅಕ್ರಮವಾಗಿ ಮೀನು ಹಿಡಿಯುತ್ತಿದ್ದ ಕೆಲವರು ಶಿಬಿರಗಳಲ್ಲಿ ಉದ್ಯೋಗ ಪಡೆದು ನದಿಯ ಕಾವಲುಗಾರರಾದರು.

ಮಳೆಗಾಲದ ಕೆಂಪು ನೀರು ಇಳಿದು ನದಿ ತಿಳಿಯಾದ ಮೇಲೆ, ಮುಖ್ಯವಾಗಿ ಜನವರಿಯಿಂದ ಬೇಸಿಗೆಯವರೆಗೆ, ಗಾಳಕ್ಕೆ ಅನುಕೂಲ ಕಾಲ.

ಹಿಡಿದು ಬಿಡುವ ಪದ್ಧತಿ

ಶಿಬಿರಗಳ ಕಾಲದಲ್ಲಿ ಹಿಡಿದ ಮೀನನ್ನು ಅಳೆದು ಮರಳಿ ಬಿಡುವುದು ನಿಯಮವಾಗಿತ್ತು. ದಣಿದ ಮೀನು ಬದುಕುವುದು ಹಿಡಿದವರ ನಡವಳಿಕೆಯನ್ನು ಅವಲಂಬಿಸಿದೆ. ತೀರಾ ತೆಳುವಾದ ದಾರವನ್ನು ಬಳಸಿದರೆ ಹೋರಾಟ ದೀರ್ಘವಾಗಿ ಮೀನು ಸೊರಗುತ್ತದೆ. ಗಟ್ಟಿಯಾದ ಸಲಕರಣೆ ಮೀನಿಗೂ ಹಿತ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಗಾಯ ಕಡಿಮೆಯಾಗುತ್ತದೆ. ಒಣಗಿದ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ಸೋಂಕು ತಗಲಬಹುದು. ನೀರಿನಿಂದ ಹೊರಗೆತ್ತಿದಷ್ಟು ಹೊತ್ತೂ ಮೀನಿಗೆ ಉಸಿರಿಲ್ಲ. ಬಿಡುವಾಗ ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರುಗಳು ಸರಾಗವಾಗಿ ಆಡತೊಡಗಿ ಅದು ತಾನಾಗಿ ಈಜುವವರೆಗೆ ಕಾಯಬೇಕು.

ಭಾರೀ ಮೀನನ್ನು ತಕ್ಕಡಿಗೆ ತೂಗುಹಾಕದೆ ತೂಕವನ್ನು ಅಂದಾಜು ಮಾಡುವ ಸೂತ್ರವೊಂದಿದೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಬೇಕು. ಅಳತೆ ಅಂಗುಲದಲ್ಲಿದ್ದರೆ ಉತ್ತರ ಪೌಂಡಿನಲ್ಲಿ ದೊರೆಯುತ್ತದೆ. 48 ಅಂಗುಲ ಉದ್ದ ಮತ್ತು 32 ಅಂಗುಲ ಸುತ್ತಳತೆಯ ಮೀನು ಈ ಲೆಕ್ಕದಂತೆ ಸುಮಾರು 61 ಪೌಂಡ್, ಅಂದರೆ ಸುಮಾರು 28 ಕಿಲೋಗ್ರಾಂ ತೂಗುತ್ತದೆ.

ಗಾಳಗಾರರ ಲೆಕ್ಕಪುಸ್ತಕ ಮತ್ತು ಗೂನುಬೆನ್ನಿನ ಮೀನು

ಗಾಳಿಬೋರೆ ಶಿಬಿರದಲ್ಲಿ ಹಿಡಿದ ಮೀನುಗಳ ವಿವರವನ್ನು ದಾಖಲಿಸುತ್ತಿದ್ದರು. 1998ರಿಂದ 2012ರವರೆಗಿನ ಈ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳು ಸಿಕ್ಕಿದ್ದವು. ಅಂದರೆ ಸರಾಸರಿ ಸುಮಾರು ನಾಲ್ಕು ಗಂಟೆಗೆ ಒಂದು ಮೀನು. ಅವುಗಳ ತೂಕ 1 ಪೌಂಡಿನಿಂದ 104 ಪೌಂಡಿನವರೆಗೆ ಇತ್ತು.

ವರ್ಷ ಕಳೆದಂತೆ ಸಿಕ್ಕ ಮೀನುಗಳ ಸಂಖ್ಯೆ ಏರಿದುದರಿಂದ ಮೇಲ್ನೋಟಕ್ಕೆ ಸಂರಕ್ಷಣೆ ಫಲಿಸಿದಂತೆ ತೋರುತ್ತಿತ್ತು. ಬಗೆಗಳನ್ನು ವಿಂಗಡಿಸಿ ನೋಡಿದಾಗ ಚಿತ್ರ ಬೇರೆಯಾಯಿತು. ಏರಿಕೆ ನೀಲಿರೆಕ್ಕೆಯ ಮಹಶೀರ್‌ನದಾಗಿತ್ತು. ಗೂನುಬೆನ್ನಿನ ಮೀನು ಕ್ರಮೇಣ ಅಪರೂಪವಾಗಿತ್ತು. ಸಿಕ್ಕ ಕೆಲವೂ ಹೆಚ್ಚಾಗಿ ವಯಸ್ಸಾದ ದೊಡ್ಡ ಮೀನುಗಳಾಗಿದ್ದು, ಮರಿಗಳ ಪೀಳಿಗೆ ಬೆಳೆದು ಬರುತ್ತಿರಲಿಲ್ಲ.

ನೀಲಿರೆಕ್ಕೆಯ ಮಹಶೀರ್ ಕಾವೇರಿಯ ಮೂಲ ನಿವಾಸಿಯಲ್ಲವೆಂದು ಈ ಸಂಶೋಧಕರ ಅಭಿಪ್ರಾಯ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರ ಇದನ್ನು ಕೃತಕವಾಗಿ ಬೆಳೆಸುವುದರಲ್ಲಿ ಯಶಸ್ಸು ಕಂಡಿತ್ತು. ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ ಅದರ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಹೊಸ ನೀರಿಗೆ ಚೆನ್ನಾಗಿ ಹೊಂದಿಕೊಂಡು, ಸ್ಥಳೀಯ ಜಾತಿಯ ನೆಲೆಯನ್ನು ಆಕ್ರಮಿಸಿದವು. ಅಣೆಕಟ್ಟುಗಳಿಂದ ಮೀನಿನ ಸಂಚಾರಕ್ಕೆ ಉಂಟಾದ ತಡೆ, ಮರಳು ಗಣಿಗಾರಿಕೆ, ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವ ಕ್ರಮ, ಮಾಲಿನ್ಯ ಇವೂ ಅವನತಿಯ ಕಾರಣಗಳಾಗಿವೆ.

ನೂರೈವತ್ತು ವರ್ಷ ಪ್ರಸಿದ್ಧವಾಗಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಇದು ಟಾರ್ ರೆಮಾದೇವಿಯೈ ಎಂದು ನಿರ್ಧಾರವಾಯಿತು. ಕೇರಳದಲ್ಲಿ ಹರಿದು ಕಾವೇರಿ ವ್ಯವಸ್ಥೆಯನ್ನು ಸೇರುವ ಪಾಂಬಾರ್ ನದಿಯ ಮೀನಿಗೆ ಈ ಹೆಸರು ಮೊದಲೇ ಬಂದಿತ್ತು. ಹೆಸರು ಖಚಿತವಾದ ಮೇಲೆ, ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ತೀವ್ರ ಅಪಾಯದಲ್ಲಿರುವ ಜಾತಿಯೆಂದು ಸೇರ್ಪಡೆಯಾಯಿತು.

ಕಾನೂನು ಮತ್ತು ಪ್ರಸ್ತುತ ಸ್ಥಿತಿ

ಸಿಡಿಮದ್ದು ಹಾಗೂ ವಿಷದಿಂದ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಶಿವನಸಮುದ್ರದ ಕೆಳಗಿನ ಕಣಿವೆ 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಧಾಮದೊಳಗೆ ಗಾಳಗಾರಿಕೆಗೆ ಅವಕಾಶವಿಲ್ಲವೆಂಬ ನಿಲುವಿನಿಂದ ಅಲ್ಲಿನ ಗಾಳಗಾರಿಕೆ 2012ರ ಹೊತ್ತಿಗೆ ನಿಂತಿತು.

ಈ ನಿಷೇಧದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅಭಯಾರಣ್ಯದ ಹುಲಿ, ಜಿಂಕೆಗಳಿಗಿರುವ ರಕ್ಷಣೆ ಮೀನಿಗೂ ಇರಬೇಕು, ಕ್ರೀಡೆಗಾಗಿ ಅದನ್ನು ನೋಯಿಸುವುದು ಸಲ್ಲದು ಎಂಬುದು ಒಂದು ಪಕ್ಷ. ಗಾಳಗಾರರ ಶುಲ್ಕದಿಂದ ಕಾವಲಿಗೂ ಸ್ಥಳೀಯರ ಉದ್ಯೋಗಕ್ಕೂ ಹಣ ದೊರೆಯುತ್ತಿತ್ತು, ಶಿಬಿರ ಮುಚ್ಚಿದ ಮೇಲೆ ಕಾವಲಿನ ಜೊತೆಗೆ ಲೆಕ್ಕವೂ ನಿಂತಿತು ಎಂಬುದು ಇನ್ನೊಂದು ಪಕ್ಷ.

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮ 2022ರಲ್ಲಿ ರಾಮ್ಸಾರ್ ತಾಣವಾಗಿ ಘೋಷಿತವಾದಾಗ, ಅಲ್ಲಿನ ಮಹತ್ವದ ಜೀವಿಗಳಲ್ಲಿ ಗೂನುಬೆನ್ನಿನ ಮಹಶೀರ್ ಕೂಡ ಹೆಸರಿಸಲ್ಪಟ್ಟಿತು. ಶೃಂಗೇರಿ, ಶಿಶಿಲ ಮತ್ತು ಕಾವೇರಿ ತೀರದ ರಾಮನಾಥಪುರಗಳಲ್ಲಿ ದೇವಾಲಯದ ಮುಂದಿನ ಮಡುವಿನ ಮೀನುಗಳನ್ನು ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದಿದ್ದಾರೆ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮಹಶೀರ್ ಇನ್ನೂ ಉಳಿದಿರುವುದು ದೃಢಪಟ್ಟಿದೆ. ಇನ್ನು ಮುಂದೆ ನದಿಗಳಿಗೆ ಮರಿಗಳನ್ನು ಬಿಡುವಾಗ ಆಯಾ ನದಿಯ ಸ್ವಂತ ಜಾತಿಯನ್ನೇ ಬಿಡಬೇಕೆಂಬುದು ಈ ಅಧ್ಯಯನಗಳಿಂದ ಹೊರಬಂದ ಮುಖ್ಯ ಸಲಹೆಯಾಗಿದೆ.