ಮೆದುಳು ಜ್ವರದ ಲಸಿಕೆ ಒಂದೇ ಅಲ್ಲ, ಎರಡು

"ಮಗಳಿಗೆ ಶಾಲೆಯಲ್ಲೇ ಮೆದುಳು ಜ್ವರದ ಲಸಿಕೆ ಕೊಟ್ಟಿದ್ದಾರಲ್ಲ ಫಾದರ್, ವಿದೇಶಕ್ಕೆ ಹೋಗುವಾಗ ಪುನಃ ಯಾಕೆ?" ಮಕ್ಕಳನ್ನು ದೂರದ ಕಾಲೇಜಿಗೆ ಕಳುಹಿಸುವ ಹೆತ್ತವರು ಹೀಗೆ ಕೇಳುವುದು ಸಹಜ. ಆದರೆ ಇಲ್ಲಿ ಹೆಸರಿನ ಗೊಂದಲವಿದೆ.

2022ರ ಡಿಸೆಂಬರಿನಿಂದ ದಕ್ಷಿಣ ಕನ್ನಡ, ಉಡುಪಿ ಸಹಿತ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ನೀಡಿದ್ದು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ. ಅದು ಸೊಳ್ಳೆಯಿಂದ ಹರಡುವ ವೈರಸ್ ರೋಗ. ಮೆನಿಂಗೊಕಾಕಸ್ ಎಂಬುದು ಬೇರೆಯೇ ಬ್ಯಾಕ್ಟೀರಿಯಾ. ಅದು ಮನುಷ್ಯರ ಮೂಗು, ಗಂಟಲಲ್ಲಿದ್ದು ಕೆಮ್ಮು, ಎಂಜಲಿನ ಮೂಲಕ ಹರಡುತ್ತದೆ. ಒಂದರ ಲಸಿಕೆ ಇನ್ನೊಂದಕ್ಕೆ ರಕ್ಷಣೆ ಕೊಡದು.

ಈ ರೋಗ ಅಪರೂಪ, ಆದರೆ ಬಲು ವೇಗದ್ದು. ಸಾಮಾನ್ಯ ಜ್ವರದಂತೆ ಆರಂಭವಾಗಿ 24 ಗಂಟೆಗಳೊಳಗೆ ಪ್ರಾಣ ತೆಗೆಯಬಲ್ಲುದು. ಚಿಕಿತ್ಸೆ ದೊರೆತರೂ 100 ರೋಗಿಗಳಲ್ಲಿ 10ರಿಂದ 15 ಮಂದಿ ಸಾಯುತ್ತಾರೆ. ಬದುಕಿ ಉಳಿದ ಕೆಲವರು ಕಿವುಡರಾಗುತ್ತಾರೆ, ಕೈಕಾಲು ಕಳೆದುಕೊಳ್ಳುತ್ತಾರೆ. ಎಳೆಯ ಶಿಶುಗಳಿಗೂ ಹದಿಹರೆಯದವರಿಗೂ ಅಪಾಯ ಹೆಚ್ಚು. ಹಾಸ್ಟೆಲಿನಲ್ಲಿ ಒಟ್ಟಿಗೆ ಮಲಗುವುದು, ಒಂದೇ ಲೋಟದಲ್ಲಿ ಕುಡಿಯುವುದು ರೋಗಾಣುವಿಗೆ ದಾರಿ ಮಾಡಿಕೊಡುತ್ತದೆ.

ಬ್ರಿಟನ್ 1999ರಲ್ಲಿ ಸಿ ಗುಂಪಿನ ಲಸಿಕೆ ಆರಂಭಿಸಿದ ಮೇಲೆ ಅಲ್ಲಿ ಆ ಗುಂಪಿನ ಪ್ರಕರಣಗಳು ಶೇ. 90ಕ್ಕೂ ಹೆಚ್ಚು ಇಳಿದವು. 2015ರಿಂದ ಅಲ್ಲಿನ ಹದಿಹರೆಯದವರಿಗೆ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಗುಂಪುಗಳ ಲಸಿಕೆ ನೀಡಲಾಗುತ್ತಿದೆ. ಭಾರತದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇದಿಲ್ಲ. ಗುಲ್ಮ ತೆಗೆಸಿಕೊಂಡ ಅಥವಾ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ, ವಿದೇಶಕ್ಕೆ ಓದಲು ಹೋಗುವವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ಖಾಸಗಿಯಾಗಿ ಸಾವಿರಾರು ರೂಪಾಯಿ ತಗಲುತ್ತದೆ. ಆರೋಗ್ಯವಂತ ಹದಿಹರೆಯದವರಿಗೆ ಸಾಮಾನ್ಯವಾಗಿ ಒಂದೇ ಚುಚ್ಚುಮದ್ದು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ವಿಮಾನ ಹತ್ತುವ ಮುನ್ನಾದಿನ ಓಡಾಡಿ ಪ್ರಯೋಜನವಿಲ್ಲ.

ಈ ಲಸಿಕೆ ಬಿ ಗುಂಪನ್ನು ತಡೆಯುವುದಿಲ್ಲ. ಅದಕ್ಕೆ ಬೇರೆ ಲಸಿಕೆಯಿದೆ. ಹಾಗಾಗಿ ಲಸಿಕೆ ಪಡೆದವರೂ ಲಕ್ಷಣ ತಿಳಿದಿರಬೇಕು: ತೀವ್ರ ಜ್ವರ, ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಬೆಳಕು ಸಹಿಸಲಾಗದಿರುವುದು, ಮಂಪರು. ಮೈಮೇಲೆ ಕೆಂಪು ಅಥವಾ ನೇರಳೆ ಕಲೆಗಳೆದ್ದರೆ ಗಾಜಿನ ಲೋಟ ಒತ್ತಿ ನೋಡಿ. ಕಲೆ ಮಾಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕಲೆ ಕಾಣಲಿಲ್ಲವೆಂದು ಕಾಯುತ್ತಲೂ ಕೂರಬೇಡಿ.

ಪಾಸ್‌ಪೋರ್ಟ್, ವೀಸಾ, ಫೀಸು ಎಂದು ತಿಂಗಳುಗಟ್ಟಲೆ ಓಡಾಡುವ ನಾವು, ಮಗುವಿನ ಲಸಿಕೆ ಕಾರ್ಡನ್ನು ಒಮ್ಮೆ ತೆರೆದು ನೋಡೋಣ. ಅದರಲ್ಲಿ ಬರೆದಿರುವುದು ಯಾವ ಲಸಿಕೆ ಎಂದು ವೈದ್ಯರನ್ನೇ ಕೇಳೋಣ.