ಕುಸಿದ ಗೋಪುರಕ್ಕೆ ಛಾಯಾಚಿತ್ರದ ಹೊದಿಕೆ

‘ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ಕೊಪ್ಪಳ, ಗಂಗಾವತಿ ಸೀಮೆಯ ಹಳೆಯ ಮಾತು. ಹಂಪೆಯ ವಿಸ್ತಾರಕ್ಕೆ ನಡಿಗೆ ಬೇಕು. ಕನಕಗಿರಿಯ ಕನಕಾಚಲಪತಿ ದೇವಾಲಯದ ಕುಸುರಿಗೆ ಕಣ್ಣು ಬೇಕು. ಈಗ ಕಾಲು ಸವೆಸದೆ, ಕೂತಲ್ಲೇ ಹಳೆಯ ನಗರಗಳನ್ನು ಪರದೆಯ ಮೇಲೆ ನೋಡುವ ಕಾಲ ಬಂದಿದೆ. ಎಂದೋ ಕುಸಿದ ಗೋಪುರ ಅಲ್ಲಿ ಪೂರ್ಣವಾಗಿ ಎದ್ದು ನಿಲ್ಲುತ್ತದೆ. ಅದನ್ನು ನಿಲ್ಲಿಸುವುದು ಹೇಗೆ? ನೋಡುಗರು ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಚಲನಚಿತ್ರರಂಗದಲ್ಲಿ ಈ ವಿದ್ಯೆಗೆ ‘ಮ್ಯಾಟ್ ಪೇಂಟಿಂಗ್’ ಎಂದು ಹೆಸರು. ಪಾಳು ಕಟ್ಟಡಕ್ಕೂ ಇದಕ್ಕೂ ಮೊದಲಿನಿಂದಲೇ ನಂಟು. 1907ರಲ್ಲಿ ಅಮೆರಿಕದ ನಾರ್ಮನ್ ಡಾನ್ ಅವರು ಕ್ಯಾಲಿಫೋರ್ನಿಯಾದ ಹಳೆಯ ಕ್ರೈಸ್ತ ಮಠಗಳನ್ನು ಚಿತ್ರೀಕರಿಸುವಾಗ ಕ್ಯಾಮೆರಾದ ಮುಂದೆ ಗಾಜು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನು ಅದರ ಮೇಲೆ ಬಣ್ಣದಲ್ಲಿ ಬರೆದರು. ಗಾಜಿನ ಮೇಲಿನ ಚಿತ್ರವೂ ಹಿಂದಿನ ಗೋಡೆಯೂ ಕ್ಯಾಮೆರಾಕ್ಕೆ ಒಂದೇ ಕಟ್ಟಡವಾಗಿ ಕಂಡವು.

ಇಂದು ಗಾಜಿನ ಜಾಗದಲ್ಲಿ ಕಂಪ್ಯೂಟರ್ ಬಂದಿದೆ, ಬಣ್ಣದ ಜಾಗದಲ್ಲಿ ಛಾಯಾಚಿತ್ರ. ಮೊದಲು ಕಟ್ಟಡದ ಬರಿಯ ಆಕಾರ ಬರೆದು, ಅದರ ಮೇಲೆ ನಿಜವಾದ ಕಲ್ಲು, ಇಟ್ಟಿಗೆ, ಗಾರೆಗಳ ಚಿತ್ರ ಹೊದಿಸುತ್ತಾರೆ. ಈ ಹೊದಿಕೆಯೇ ‘ಟೆಕ್ಸ್ಚರ್’. ಕಲ್ಲಿನ ತರಿ, ಬಿರುಕು, ಮಳೆನೀರು ಇಳಿದ ಕಪ್ಪು ಗೆರೆ ಎಲ್ಲವೂ ಅದರೊಂದಿಗೆ ಬರುತ್ತವೆ.

ಹೊದಿಸುವುದು ಸುಲಭ, ಹೊಂದಿಸುವುದು ಕಷ್ಟ. ಬೆಳಗಿನ ಬಿಸಿಲಿನಲ್ಲಿ ತೆಗೆದ ಗೋಡೆಯನ್ನು ಸಂಜೆಯ ದೃಶ್ಯಕ್ಕೆ ಅಂಟಿಸಿದರೆ ನೆರಳು ತಪ್ಪು ದಿಕ್ಕಿಗೆ ಬೀಳುತ್ತದೆ. ಆದ್ದರಿಂದಲೇ ಇಂಥ ಚಿತ್ರಗಳನ್ನು ಮೋಡ ಕವಿದ ದಿನ ತೆಗೆಯುವುದು ವಾಡಿಕೆ. ನೆರಳನ್ನು ಕಲಾವಿದರು ಆಮೇಲೆ ಬರೆಯುತ್ತಾರೆ. ಗೋಪುರದ ಅಂತಸ್ತುಗಳು ಮೇಲೇರಿದಂತೆ ಕಿರಿದಾಗುತ್ತವೆ. ಕೆಳಗಿನ ಅಂತಸ್ತಿನ ಚಿತ್ರವನ್ನು ಅದೇ ಅಳತೆಯಲ್ಲಿ ಮೇಲಿಟ್ಟರೆ ಗೋಪುರವೇ ಕುಳ್ಳಗೆ ಕಾಣುತ್ತದೆ. ಒಂದೇ ಬಿರುಕು ನಾಲ್ಕು ಕಡೆ ಕಂಡರಂತೂ ಗುಟ್ಟು ರಟ್ಟಾದಂತೆಯೇ.

ಸಿನಿಮಾದಲ್ಲಿ ಇಂಥ ತಪ್ಪಿಗೆ ಪ್ರೇಕ್ಷಕರು ನಕ್ಕು ಸುಮ್ಮನಾಗಬಹುದು. ಇತಿಹಾಸದ ಮಾತು ಬೇರೆ. 2010ರ ದಶಕದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ‘ಡಿಜಿಟಲ್ ಹಂಪಿ’ ಯೋಜನೆ ನಡೆಯಿತು. ವಿಠ್ಠಲ ದೇವಾಲಯವನ್ನು ಕಂಪ್ಯೂಟರಿನಲ್ಲಿ ಮರುರೂಪಿಸುವುದು ಅದರ ಕೆಲಸಗಳಲ್ಲೊಂದು. ವಿಜಯನಗರದ ಗೋಪುರಗಳ ತಳಭಾಗ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆಯವು. ಹಂಪೆಯಲ್ಲಿ ಹಲವೆಡೆ ಕಲ್ಲು ಉಳಿದಿದೆ, ಗಾರೆ ಉದುರಿದೆ. ಉಳಿದುದರ ಛಾಯಾಚಿತ್ರ ತೆಗೆಯಬಹುದು. ಉದುರಿದುದರ ಛಾಯಾಚಿತ್ರ ಎಲ್ಲಿಂದ ತರುವುದು?

ಅದಕ್ಕೆ ಅದೇ ಕಾಲದ, ಅದೇ ಶೈಲಿಯ ಬೇರೆ ಗುಡಿಗಳ ಕಡೆ ನೋಡಬೇಕಾಗುತ್ತದೆ. ವಿಜಯನಗರ ಕಾಲದ ಗಾರೆಯ ಶಿಲ್ಪಗಳಿಗೆ ಹೆಸರಾದ ಕನಕಗಿರಿಯಂಥ ಊರುಗಳ ಬೆಲೆ ತಿಳಿಯುವುದು ಆಗಲೇ. ಆದರೂ ಅಲ್ಲಿಂದ ತಂದದ್ದು ಊಹೆಗೆ ಆಧಾರವಾದೀತೇ ಹೊರತು ಸಾಕ್ಷಿಯಾಗದು. ಅಪಾಯ ಇರುವುದೂ ಇಲ್ಲಿಯೇ. ರೇಖಾಚಿತ್ರವಾದರೆ ‘ಇದು ಕಲಾವಿದರ ಕಲ್ಪನೆ’ ಎಂದು ನೋಡುಗರಿಗೆ ತಾನಾಗಿ ತಿಳಿಯುತ್ತದೆ. ಛಾಯಾಚಿತ್ರ ಹೊದ್ದ ಊಹೆ ಮಾತ್ರ ಕಣ್ಣಾರೆ ಕಂಡ ಸತ್ಯದಂತೆಯೇ ತೋರುತ್ತದೆ. ಯಾವುದು ಉಳಿದದ್ದು, ಯಾವುದು ಊಹಿಸಿದ್ದು ಎಂಬುದನ್ನು ಚಿತ್ರದಲ್ಲಿಯೇ ಗುರುತಿಸಿ ತೋರಿಸುವುದು ಅದನ್ನು ರಚಿಸಿದವರ ಹೊಣೆ.

ಪರದೆಯ ಹಂಪೆಗೆ ಕಾಲು ಬೇಡ, ನಿಜ. ಆದರೆ ಕಣ್ಣು ಮೊದಲಿಗಿಂತ ಹೆಚ್ಚೇ ಬೇಕು.